ಠ ಗುಂಡಗೆ ಕಾಣಲಿ ಅಂತ

ಹಳೆಯ ಪಿಸಿಯ ಮುಂದೆ ಕೂತಾಗೆಲ್ಲ ನನ್ನ ಮೊದಲ ಕೆಲಸ ಒಂದೇ: ‘ಎಚ್‌ಜಿಸಿ ಫುಲ್’ ಅಂತ ಟೈಪ್ ಮಾಡಿ ಎಂಟರ್ ಒತ್ತುವುದು. ಪರದೆಯ ಮೇಲೆ ಏನೂ ಬದಲಾದಂತೆ ಕಾಣುವುದಿಲ್ಲ. ಒಳಗೆ ಮಾತ್ರ ಬೀಗ ತೆರೆದಿರುತ್ತದೆ. ಹರ್ಕ್ಯುಲಿಸ್ ಗ್ರಾಫಿಕ್ಸ್ ಕಾರ್ಡ್ ಸ್ವಿಚ್ ಹಾಕಿದ ಕೂಡಲೇ ಬರೀ ಅಕ್ಷರ ತೋರಿಸುತ್ತದೆ. ಚಿತ್ರ ಬೇಕೆಂದರೆ ಅಪ್ಪಣೆ ಕೊಡಬೇಕು. ‘ಫುಲ್’ ಅಂದರೆ ಅದರ 64 ಕಿಲೋಬೈಟ್ ಮೆಮೊರಿಯಷ್ಟೂ ಚಿತ್ರಕ್ಕೆ. ಪಕ್ಕದ ಸ್ಲಾಟಿನಲ್ಲಿ ಕಲರ್ ಕಾರ್ಡೂ ಇದ್ದರೆ ‘ಹಾಫ್’ ಅನ್ನಬೇಕು. ಉಳಿದರ್ಧದ ವಿಳಾಸ ಕಲರ್ ಕಾರ್ಡಿನದು; ಬಿಟ್ಟುಕೊಡದಿದ್ದರೆ ಬಸ್ಸಿನ ಒಂದೇ ಸೀಟಿಗೆ ಇಬ್ಬರು ಟವೆಲ್ ಹಾಕಿದ ಹಾಗೆ.

ಈ ಕಾರ್ಡು 1982ರದು. ಅದು ಹುಟ್ಟಿದ ಕಥೆ ನನಗೆ ಬಹಳ ಇಷ್ಟ. ವಾನ್ ಸುವನ್ನುಕುಲ್ ಎಂಬುವರಿಗೆ ತಮ್ಮ ಡಾಕ್ಟರೇಟ್ ಪ್ರಬಂಧಕ್ಕೆ ಐಬಿಎಂ ಪಿಸಿಯಲ್ಲಿ ಥಾಯ್ ಲಿಪಿ ಬೇಕಾಗಿತ್ತು. ಐಬಿಎಂನ ಮೋನೋಕ್ರೋಮ್ ಕಾರ್ಡಿನಲ್ಲಿ ಅಕ್ಷರಕ್ಕೊಂದು ಗೂಡು, 9 ಚುಕ್ಕಿ ಅಗಲ, 14 ಚುಕ್ಕಿ ಎತ್ತರ. ಗೂಡಿನೊಳಗಿನ ಆಕಾರಗಳು ರಾಮ್‌ನಲ್ಲಲ್ಲ, ರೋಮ್‌ನಲ್ಲಿ ಕೂತವು, ತಿದ್ದುವಂತಿಲ್ಲ. ಮೇಲೂ ಕೆಳಗೂ ಗುರುತು ಹೊರುವ ಥಾಯ್ ಲಿಪಿ ಅಲ್ಲಿ ಹೇಗೆ ಬಾಳೀತು? ಸರಿ, ಒಂದೊಂದು ಚುಕ್ಕಿಯನ್ನೂ ಬೇಕಾದಂತೆ ಬೆಳಗಿಸುವ ಕಾರ್ಡನ್ನೇ ಕಟ್ಟಿದರು. ಅಡ್ಡಕ್ಕೆ 720, ಕೆಳಕ್ಕೆ 348. ಮೆಮೊರಿಯಲ್ಲಿ ಗೆರೆಗಳನ್ನು ನಾಲ್ಕು ಪಾಲು ಮಾಡಿ ಇಡುತ್ತಾರೆ. 350 ನಾಲ್ಕರಿಂದ ಭಾಗವಾಗದು, 348 ಆಗುತ್ತದೆ.

ತಲೆಕಟ್ಟು, ಕೊಂಬು, ಒತ್ತಕ್ಷರಗಳ ಜನ ನಾವು. ಆ ಸಂಕಟ ನಮಗೆ ಬಿಡಿಸಿ ಹೇಳಬೇಕೆ? ನಮ್ಮಲ್ಲೂ ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಬಂತಲ್ಲ, ಡಾಸ್ ಪರದೆಯ ಮೇಲೆ ಕನ್ನಡವೂ ಸೇರಿ ಭಾರತೀಯ ಲಿಪಿಗಳನ್ನು ಮೂಡಿಸಲೆಂದೇ.

ಹರ್ಕ್ಯುಲಿಸ್ ಕಾರ್ಡಿನ ರಿಜಿಸ್ಟರುಗಳಿಗೆ ಅಂಕಿ ಬರೆಯುವಾಗ ಉಸಿರು ಹಿಡಿದಿರುತ್ತೇನೆ. ಐಬಿಎಂ 5151ರಂಥ ಮಾನಿಟರು ಕಾರ್ಡು ಕೊಟ್ಟ ತಾಳಕ್ಕೇ ಕುಣಿಯುತ್ತದೆ: ಸೆಕೆಂಡಿಗೆ 50 ಸಲ ಪರದೆ, ಸುಮಾರು 18,400 ಗೆರೆ. ತಾಳ ತಪ್ಪಿದರೆ ಮಾನಿಟರೇ ಸುಟ್ಟೀತು. ಈಗಿನವು ಒಲ್ಲೆ ಎಂದು ಸುಮ್ಮನಾಗುತ್ತವೆ. ಅದಕ್ಕೆ ಆ ಬುದ್ಧಿಯಿರಲಿಲ್ಲ.

ಮೊನ್ನೆ ಠ ಬರೆಯಲು ಹೊರಟೆ. ನಮ್ಮ ಲಿಪಿಯಲ್ಲಿ ಅದಕ್ಕಿಂತ ಗುಂಡಗಿನ ಅಕ್ಷರ ಉಂಟೆ? 20 ಚುಕ್ಕಿ ಅಗಲ, 20 ಚುಕ್ಕಿ ಎತ್ತರ ಇಟ್ಟೆ. ನೆಟ್ಟಗೆ ನಿಲ್ಲಿಸಿದ ಕೋಳಿಮೊಟ್ಟೆ ಬಂತು! ಈ ಪರದೆಯಲ್ಲಿ ಚುಕ್ಕಿ ಚೌಕವಲ್ಲ, ಅಗಲಕ್ಕಿಂತ ಎತ್ತರ ಒಂದೂವರೆ ಪಟ್ಟಿಗೂ ಚೂರು ಹೆಚ್ಚು. ಲೆಕ್ಕ ಹಾಕಿ ಅಗಲಕ್ಕೆ 31 ಚುಕ್ಕಿ ಕೊಟ್ಟೆ. ಕೆಂಡದ ಬಣ್ಣದ ಪರದೆಯ ನಡುವೆ ಠ ದುಂಡಗೆ, ನಡುವಿನ ಬೊಟ್ಟಿನ ಸಮೇತ ಎದ್ದು ನಿಂತಿತು. ಎಷ್ಟೋ ಹೊತ್ತು ನೋಡುತ್ತ ಕೂತೆ.

ಮುಂದಿನ ಭಾನುವಾರ ‘ಸ್ತ್ರೀ’. ಒತ್ತಿನ ಕೆಳಗೆ ಇನ್ನೊಂದು ಒತ್ತು. ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಚೌಕ ತುಂಬುತ್ತಿದ್ದೇನೆ; ಎತ್ತರಕ್ಕೆ 40 ಚುಕ್ಕಿ ಆದರೂ ಬೇಕಾದೀತು.