ಅಂಗಡಿಗೊಂದು ವಿಳಾಸ

ಅಂಗಡಿ ಇಡುವುದೆಂದರೆ ಹಿಂದೆ ಒಂದು ಮಳಿಗೆ, ಒಂದು ತಕ್ಕಡಿ, ಒಂದು ಗಲ್ಲಾಪೆಟ್ಟಿಗೆ, ಗೋಡೆಗೊಂದು ಲಕ್ಷ್ಮಿಯ ಪಟ. ಈಗ ಹೊಸಪೇಟೆಯ ಕಾಲೇಜು ಹುಡುಗಿಯೊಬ್ಬಳಿಗೆ ಕೈಯಲ್ಲೊಂದು ಮೊಬೈಲು, ಕಿಟಕಿಯ ಬೆಳಕಿನಲ್ಲಿ ತೆಗೆದ ನಾಲ್ಕು ಫೋಟೊ ಇದ್ದರೆ ಅಂಗಡಿ ಸಿದ್ಧವಾದಂತೆಯೇ ಅನ್ನಿಸಿತು. ಸರಕು ಆಕೆಯ ದೊಡ್ಡಮ್ಮನದು. ಸಂಡೂರು ತಾಲ್ಲೂಕಿನ ತಾಂಡಾದಲ್ಲಿರುವ ದೊಡ್ಡಮ್ಮ ಕನ್ನಡಿ, ಕವಡೆ ಕೂರಿಸಿ ಹೊಲಿಯುವ ಲಂಬಾಣಿ ಕಸೂತಿಯ ಕೈಚೀಲಗಳು.

ಸಂಡೂರಿನ ಈ ಕಸೂತಿ ಸಾಮಾನ್ಯದ್ದಲ್ಲ. ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ಉಂಟು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಿಂದ ಬಂದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಸಂಡೂರು ಕುಶಲ ಕಲಾ ಕೇಂದ್ರದಂಥ ಸಂಸ್ಥೆಯ ಮೂಲಕ ಮಾರುವಾಗ ಬಿಲ್ಲು, ತೆರಿಗೆಯ ಚಿಂತೆ ಸಂಸ್ಥೆಯದು. ತಾನೇ ಮಾರಲು ಹೊರಟವಳಿಗೆ ಆ ಚಿಂತೆಯೂ ತನ್ನದೇ.

ಮೊದಲ ವಾರ ಮೂರು ಆರ್ಡರು ಬಂದವು. ಒಂದು ಬೀದರಿನಿಂದ, ಒಂದು ಬೆಂಗಳೂರಿನಿಂದ, ಇನ್ನೊಂದು ಗುಂತಕಲ್ಲಿನಿಂದ. ಗುಂತಕಲ್ಲು ಹತ್ತಿರ, ಬೀದರ್ ದೂರ. ಆದರೆ ತೆರಿಗೆಯ ಭೂಪಟವೇ ಬೇರೆ. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಗುಂತಕಲ್ಲು ಆಂಧ್ರದ್ದು, ಗಡಿ ದಾಟಿದ ಪೊಟ್ಟಣಕ್ಕೆ ಈ ಮಿತಿ ಅನ್ವಯಿಸದು. ನೇರವಾಗಿ ಮಾರುವ ಕರಕುಶಲ ವಸ್ತುಗಳಿಗೆ ಒಂದಿಷ್ಟು ವಿನಾಯಿತಿ ಇದೆ. ತಮ್ಮ ವಸ್ತು ಆ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಆದರೆ ಹುಡುಗಿಯ ಕಣ್ಣು ಇದ್ದದ್ದು ದೇಶಕ್ಕೆಲ್ಲ ಮಾರುವ ದೊಡ್ಡ ಆನ್‌ಲೈನ್ ಮಳಿಗೆಗಳ ಮೇಲೆ. ಅಂಥ ಮಳಿಗೆಯ ಮೂಲಕ ಮಾರುವ ಸಣ್ಣವರಿಗೂ 2023ರ ಅಕ್ಟೋಬರ್ 1ರಿಂದ ನೋಂದಣಿಯ ಬದಲು ಬರೀ ದಾಖಲಾತಿ ಸಂಖ್ಯೆ ಸಾಕು ಎಂದಾಗಿದೆ, ಆದರೆ ರಾಜ್ಯದೊಳಗೆ ಮಾತ್ರ. ಹೊರರಾಜ್ಯಕ್ಕೆ ಒಂದೇ ಒಂದು ಚೀಲ ಹೋದರೂ ನೋಂದಣಿ ಬೇಕೇ ಬೇಕು.

ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಅಪ್ಪ ಇದನ್ನೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ. "ನಂಬರು ಯಾರ ಹೆಸರಿನಾಗ ತಗಂತೀಯವ್ವ?"

ಅಲ್ಲಿಯತನಕ ಹಣ ಬರುತ್ತಿದ್ದುದು ಅಮ್ಮನ ಯುಪಿಐಗೆ. ಅದೇ ಖಾತೆಗೆ ಚೀಟಿಯ ಹಣ, ತಂಗಿ ತೀರಿಸಿದ ಕೈಸಾಲ ಎಲ್ಲವೂ ಬೀಳುತ್ತಿತ್ತು. 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ನೋಟಿಸುಗಳು ಹೋದದ್ದು, ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸು ಬಂದದ್ದು ಓದುಗರಿಗೆ ನೆನಪಿರಬಹುದು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಆದರೂ ಬಂದ ಹಣದಲ್ಲಿ ಮಾರಾಟದ್ದೆಷ್ಟು, ಮನೆಯದ್ದೆಷ್ಟು ಎಂದು ಬಿಡಿಸಿ ತೋರಿಸಬೇಕಾದವರು ಖಾತೆದಾರರೇ. ಮಗಳ ವ್ಯಾಪಾರಕ್ಕೆ ಉತ್ತರ ಹೇಳಬೇಕಾದವಳು ಅಮ್ಮ ಎಂದರೆ ನ್ಯಾಯವೇ? ಹುಡುಗಿಗೆ ಹತ್ತೊಂಬತ್ತು ತುಂಬಿತ್ತು, ಪ್ಯಾನ್ ಕಾರ್ಡ್ ಇತ್ತು. ತನ್ನ ಹೆಸರಿನಲ್ಲೇ ಅರ್ಜಿ, ತನ್ನದೇ ಬ್ಯಾಂಕ್ ಖಾತೆ ಎಂದು ತೀರ್ಮಾನವಾಯಿತು.

ಅರ್ಜಿಗೆ ಸರ್ಕಾರದ ಶುಲ್ಕವಿಲ್ಲ. ಮೊಬೈಲಿಗೊಂದು, ಇ-ಮೇಲಿಗೊಂದು ಒಟಿಪಿ ಬಂದು ತಾತ್ಕಾಲಿಕ ಸಂಖ್ಯೆ ಸಿಗುತ್ತದೆ; 15 ದಿನದೊಳಗೆ ಉಳಿದದ್ದನ್ನು ತುಂಬಬೇಕು. ಆಧಾರಿನಲ್ಲಿರುವ ಹೆಸರೂ ಪ್ಯಾನಿನಲ್ಲಿರುವ ಹೆಸರೂ ಅಕ್ಷರಕ್ಕಕ್ಷರ ತಾಳೆಯಾಗಬೇಕು. ಇಷ್ಟು ಸಲೀಸಾಗಿಯೇ ಆಯಿತು. ಸಿಕ್ಕಿಕೊಂಡದ್ದು "ವ್ಯಾಪಾರದ ಮುಖ್ಯ ಸ್ಥಳ" ಎಂಬ ಕಲಮಿನಲ್ಲಿ. ಗಾಳಿಯಲ್ಲಿ ನಡೆಯುವ ಅಂಗಡಿಗೂ ನೆಲದ ಮೇಲೊಂದು ವಿಳಾಸ ಬೇಕು. ಸ್ವಂತ ಮನೆಯಾದರೆ ಕಂದಾಯದ ರಸೀದಿ ಅಥವಾ ಕರೆಂಟ್ ಬಿಲ್ಲು, ಬಾಡಿಗೆಯಾದರೆ ಕರಾರುಪತ್ರ, ಬೇರೆಯವರ ಮನೆಯಾದರೆ ಅವರ ಒಪ್ಪಿಗೆ ಪತ್ರ. ಈ ಮನೆಯ ಖಾತೆ, ಕರೆಂಟ್ ಬಿಲ್ಲು ಎರಡೂ ತೀರಿಕೊಂಡ ತಾತನ ಹೆಸರಿನಲ್ಲಿದ್ದವು. ತೀರಿಕೊಂಡವರಿಂದ ಒಪ್ಪಿಗೆ ಪತ್ರ ಬರೆಸುವುದು ಹೇಗೆ?

ದೊಡ್ಡಮ್ಮನ ಹೆಸರಿನಲ್ಲೇ ಮಾಡಬಹುದಿತ್ತಲ್ಲ ಎನ್ನಬಹುದು. ಅಲ್ಲಿ ಇನ್ನೂ ಕಷ್ಟ. ಎಷ್ಟೋ ತಾಂಡಾ, ಹಟ್ಟಿಗಳು ಬಹುಕಾಲ ಕಂದಾಯ ಗ್ರಾಮಗಳೇ ಆಗಿರಲಿಲ್ಲ. ಮೂರು ತಲೆಮಾರು ಬಾಳಿದ ಮನೆಗೂ ಕಾಗದವಿಲ್ಲ. 2025ರ ಮೇ 20ರಂದು ಹೊಸಪೇಟೆಯಲ್ಲೇ ನಡೆದ ಸಮಾವೇಶದಲ್ಲಿ ರಾಜ್ಯ ಸರ್ಕಾರ ಇಂಥ ಊರುಗಳ 1,11,111 ಕುಟುಂಬಗಳಿಗೆ ಹಕ್ಕುಪತ್ರ ಕೊಡುವುದಾಗಿ ಸಾರಿತು. ಹಂಪಿಯವರಿಗೆ ಕಾಗದದ ಬೆಲೆ ಹೇಳಿಕೊಡಬೇಕಾಗಿಲ್ಲ. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಅಂಗಡಿ, ಮನೆಗಳನ್ನು ತೆರವು ಮಾಡಿದ್ದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಹಕ್ಕುಪತ್ರವನ್ನು ಟ್ರಂಕಿನಲ್ಲಿ ಜೋಪಾನ ಮಾಡುವುದಷ್ಟೇ ಅಲ್ಲ, ಮಗಳ ಅಂಗಡಿಗೂ ಅದು ಬುನಾದಿಯಾದೀತು ಎಂಬುದು ಅನೇಕರಿಗೆ ಇನ್ನೂ ಹೊಳೆದಿಲ್ಲ.

ಹೊಸಪೇಟೆಯ ಮನೆಯಲ್ಲಿ ವರ್ಷಗಳಿಂದ ಮುಂದೂಡಿದ್ದ ಕೆಲಸ ಕಡೆಗೂ ಹೊರಬಿತ್ತು. ತಾತನ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಗರಸಭೆಯಲ್ಲಿ ಖಾತೆ ಬದಲಾವಣೆಗೆ ಅರ್ಜಿ. ವಾರಸುದಾರರಲ್ಲಿ ದೊಡ್ಡಪ್ಪನೂ ಒಬ್ಬ. ಖಾತೆ ಜಂಟಿಯಾಗಿ ಬಂದ ಮೇಲೂ ಒಪ್ಪಿಗೆ ಪತ್ರಕ್ಕೆ ಆತ ಸಹಿ ಹಾಕಲಿಲ್ಲ. "ಇದಕ್ಕ ಸೈನು ಹಾಕಿದ್ರ ಮನಿ ಹುಡುಗಿ ಪಾಲಾಗಂಗಿಲ್ಲ ಹೌದಲ್ಲ?" ಎಂದ. ಕೇಳಿದ್ದರಲ್ಲಿ ತಪ್ಪೇನಿಲ್ಲ. ಅಣ್ಣತಮ್ಮಂದಿರ ನಡುವೆ ಇಂಥ ಒಂದು ಸಹಿಯಿಂದ ಮಾತು ಬಿಟ್ಟ ಮನೆಗಳು ಊರೂರಿಗೂ ಇವೆ. ಒಪ್ಪಿಗೆ ಪತ್ರ ಕೊಡುವುದು ವ್ಯಾಪಾರಕ್ಕೆ ಜಾಗ ಬಳಸುವ ಅನುಮತಿ ಮಾತ್ರ, ಒಡೆತನವಲ್ಲ. ಆ ಮಾತನ್ನು ಪತ್ರದೊಳಗೇ ಒಂದು ಸಾಲಾಗಿ ಸೇರಿಸಿ ಓದಿ ಹೇಳಿದ ಮೇಲೆ ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ತಾನೇ ಓದಿ ಸಹಿ ಮಾಡಿದ. ಅದಕ್ಕೆ ಹಿಡಿದದ್ದು ಎರಡು ಭಾನುವಾರ. ಜಿಎಸ್‌ಟಿ ಅರ್ಜಿಗೆ ಆಧಾರ್ ದೃಢೀಕರಣವಾದರೆ ಸಾಮಾನ್ಯವಾಗಿ 7 ಕೆಲಸದ ದಿನ.

ಸಂಖ್ಯೆ ಬಂತು. 15 ಅಕ್ಷರಗಳ ಅದನ್ನು ವಿದ್ಯಾರ್ಥಿಗಳು ರಾಸಾಯನಿಕ ಸೂತ್ರದಂತೆ ಬಿಡಿಸಿ ಓದಬಹುದು. ಮೊದಲ 29 ಕರ್ನಾಟಕದ ಗುರುತು. ಮುಂದಿನ ಹತ್ತು ಆಕೆಯ ಪ್ಯಾನ್. ಹದಿಮೂರನೆಯದು ಅದೇ ಪ್ಯಾನಿನಲ್ಲಿ ಈ ರಾಜ್ಯದಲ್ಲಿ ಎಷ್ಟನೆಯ ನೋಂದಣಿ ಎಂಬುದು. ಆಮೇಲೊಂದು ಝಡ್. ಕೊನೆಯದು ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ತೆಗೆದ ತಾಳೆಯ ಅಕ್ಷರ. ನಡುವೆ ಒಂದು ಅಂಕಿ ತಪ್ಪಿದರೂ ತಾಳೆ ಬೀಳದು.

ಅಪ್ಪ ಇನ್ನೊಂದು ಎಚ್ಚರಿಕೆ ಕೊಟ್ಟ. ನಂಬರು ಬಂದಲ್ಲಿಗೆ ಮುಗಿಯಲಿಲ್ಲ, ಶುರುವಾಯಿತು. ಸಣ್ಣವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಕ್ರಮ ಆರಿಸಿಕೊಳ್ಳಬಹುದು, ಆದರೆ ಏನೂ ಮಾರದಿದ್ದರೂ ಸಲ್ಲಿಸಲೇಬೇಕು. ಶೂನ್ಯ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಬೀಳುತ್ತದೆ. ಪರೀಕ್ಷೆಯ ಗಲಾಟೆಯಲ್ಲಿ ಅಂಗಡಿ ಮರೆತ ಹುಡುಗ ಹುಡುಗಿಯರು ಸೋಲುವುದು ಇಲ್ಲಿಯೇ. ಆನ್‌ಲೈನ್ ಮಳಿಗೆಯವರು ಮಾರಾಟದ ಮೇಲೆ ಮೊದಲೇ ಹಿಡಿದುಕೊಳ್ಳುವ ಅರ್ಧ ಶೇಕಡಾ ಮೊತ್ತವೂ ರಿಟರ್ನಿನ ಲೆಕ್ಕದಲ್ಲೇ ಮರಳಿ ಸಿಗಬೇಕು. ಅಪ್ಪ ಗಿರಣಿಯಿಂದ ತಂದ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಕೆಂಪು ಗೆರೆ ಎಳೆದುಕೊಟ್ಟ: ದಿನಾಂಕ, ಬಿಲ್ಲಿನ ಸಂಖ್ಯೆ, ಯಾವ ರಾಜ್ಯ, ಮೊತ್ತ, ತೆರಿಗೆ.

ನೋಂದಣಿಯ ಪ್ರಮಾಣಪತ್ರವನ್ನು ವ್ಯಾಪಾರದ ಸ್ಥಳದಲ್ಲಿ ಎದ್ದು ಕಾಣುವಂತೆ ಹಾಕಬೇಕು, ಬಾಗಿಲ ಬಳಿಯ ಬೋರ್ಡಿನ ಮೇಲೆ ಆ ಸಂಖ್ಯೆ ಬರೆಸಬೇಕು ಎಂದೂ ನಿಯಮವಿದೆ. ಗಿರಾಕಿ ಯಾರೂ ಬಾರದ ಅಂಗಡಿಗೆ ಬೋರ್ಡೇಕೆ ಎಂದು ಅಮ್ಮ ನಕ್ಕಳು. ಆದರೂ ಬರೆಸಿದರು. ತಾತನ ಹೆಸರಿದ್ದ ಹಳೆಯ ಫಲಕದ ಕೆಳಗೆ ಜಾಗವಿತ್ತು. ಮೊಳೆ ಹೊಡೆಯಲು ದೊಡ್ಡಪ್ಪನೇ ಸ್ಟೂಲು ತಂದ.