ಬೆಳ್ಳಿತೆರೆಯ ವಿಧವೆಯೂ ನಮ್ಮ ಮನೆಯ ಅತ್ತೆಯೂ

ಸಿನಿಮಾ ನೋಡಿ ಅಳುವುದು ಸುಲಭ. ಕತ್ತಲೆಯಲ್ಲಿ ಯಾರಿಗೂ ಕಾಣಿಸುವುದಿಲ್ಲ. ಹೊರಗೆ ಬಂದು ಮುಖ ತೊಳೆದುಕೊಂಡರೆ ಎಲ್ಲವೂ ಮುಗಿಯಿತು. ಕಳೆದ ವರ್ಷ ‘ಫಣಿಯಮ್ಮ’ ಚಿತ್ರವನ್ನು ನೋಡುವವರೆಗೆ ನಾನೂ ಹಾಗೆಯೇ ತಿಳಿದಿದ್ದೆ.

ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ತೆರೆಗೆ ತಂದರು. ಗೊಂಬೆಯಾಡುವ ವಯಸ್ಸಿನಲ್ಲಿ ಫಣಿಯಮ್ಮನಿಗೆ ಮದುವೆ. ಗಂಡನೆಂದರೆ ಏನೆಂದು ತಿಳಿಯುವ ಮೊದಲೇ ಅವನ ಮರಣ. ಬಳೆ, ಕುಂಕುಮ ಹೋದವು. ಮೈನೆರೆದ ಮೇಲೆ ತಲೆಗೂದಲೂ ಹೋಯಿತು. ಆಕೆ ಯಾರನ್ನೂ ಶಪಿಸದೆ ಮನೆಗೆಲ್ಲ ದುಡಿಯುತ್ತಾಳೆ. ಆದರೆ ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದು ಹಟ ಹಿಡಿದಾಗ, ಅವಳ ಪರವಾಗಿ ನಿಲ್ಲುವವಳು ಈ ಮಡಿ ಹೆಂಗಸೇ! ತಾನುಂಡ ಕಹಿಯನ್ನು ಇನ್ನೊಬ್ಬಳಿಗೆ ಬಡಿಸಲು ಆಕೆಗೆ ಮನಸ್ಸಿಲ್ಲ.

ಆಮೇಲೆ ನಮ್ಮ ಅಧ್ಯಾಪಕರೊಬ್ಬರ ಮಾತಿನಂತೆ, ಅನಂತಮೂರ್ತಿಯವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ವನ್ನೂ ನೋಡಿದೆ. ಬಸಿರಾದ ತರುಣ ವಿಧವೆ ಯಮುನೆಗೆ ಹೆತ್ತ ತಂದೆಯೇ, ಬದುಕಿರುವಾಗಲೇ ಶ್ರಾದ್ಧ ಮಾಡುತ್ತಾನೆ. ಆ ಮುದುಕನೋ, ತಾನು ಎಳೆಯ ಹುಡುಗಿಯನ್ನು ಕೈಹಿಡಿಯಲು ಸಿದ್ಧ! ಇದನ್ನೆಲ್ಲ ಕಣ್ಣಾರೆ ಕಾಣುವವನು ವೇದಪಾಠಕ್ಕೆ ಬಂದಿರುವ ನಾಣಿಯೆಂಬ ಹುಡುಗ. ಅವನಿಗೆ ಅವಳ ಮೇಲೆ ಅಕ್ಕರೆಯಿದೆ. ಆದರೆ ಮಾಡಬಲ್ಲದ್ದು ಏನೂ ಇಲ್ಲ.

ಆ ಹುಡುಗನ ಮುಖ ನನ್ನನ್ನು ಬಿಡಲಿಲ್ಲ. ಏಕೆಂದರೆ ನಾನು ಅವನಷ್ಟು ಚಿಕ್ಕವಳಲ್ಲ.

ವಿಧವಾವಿವಾಹಕ್ಕೆ ಕಾನೂನಿನ ಒಪ್ಪಿಗೆ ದೊರೆತದ್ದು 1856ರಲ್ಲಿ. ಅದೇ ವಿಷಯವನ್ನು ಕುರಿತ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ. ನಮ್ಮ ಮನೆಯಲ್ಲೂ ಕಾಲ ಬದಲಾಗಿದೆಯೆಂದು ಅಪ್ಪ ಹೇಳುತ್ತಾರೆ, ಸುಳ್ಳೇನಲ್ಲ. ನನ್ನ ಸೋದರತ್ತೆಗೆ ಯಾರೂ ತಲೆ ಬೋಳಿಸಲಿಲ್ಲ. ಅವಳು ಬಣ್ಣದ ಸೀರೆ ಉಡುತ್ತಾಳೆ, ಮೊಬೈಲಿನಲ್ಲಿ ಹಾಡು ಕೇಳುತ್ತಾಳೆ.

ಆದರೆ ಅಕ್ಕನ ಮದುವೆಯ ದಿನ ಅರಿಸಿನ ಕುಂಕುಮದ ತಟ್ಟೆ ನನ್ನ ಕೈಯಲ್ಲಿತ್ತು. ಮೂರು ದಿನ ನಿದ್ದೆಗೆಟ್ಟು ಚಿರೋಟಿ ಕರಿದವಳು ಅತ್ತೆ; ಅಕ್ಕನ ಕುಪ್ಪಸಗಳನ್ನು ಹೊಲಿದವಳೂ ಅವಳೇ. ಸಾಲಾಗಿ ಕುಳಿತವರಿಗೆಲ್ಲ ಕೊಡುತ್ತ ಬಂದೆ. ಅವಳ ಮುಂದೆ ಬಂದಾಗ ನನ್ನ ಕಾಲು ತಾನಾಗಿ ಮುಂದಕ್ಕೆ ಹೋಯಿತು. ಯಾರೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅತ್ತೆ ಅಷ್ಟರಲ್ಲಿಯೇ ತಲೆ ತಗ್ಗಿಸಿ, ಕಳೆದುಹೋಗದ ಕನ್ನಡಕವನ್ನು ಹುಡುಕತೊಡಗಿದ್ದಳು.

ಬೋಳುತಲೆಯನ್ನು ತೆರೆಯ ಮೇಲೆ ಕಂಡು ಹಿಂದಿನವರು ಎಷ್ಟು ಕ್ರೂರಿಗಳೆಂದು ನಾವು ಮರುಗುತ್ತೇವೆ. ನಮ್ಮ ಕೈಯ ತಟ್ಟೆಯನ್ನು ಯಾವ ಕ್ಯಾಮರಾವೂ ತೋರಿಸುವುದಿಲ್ಲ.

ಕಳೆದ ಗೌರಿಹಬ್ಬದಲ್ಲಿ ತಟ್ಟೆಯನ್ನು ಮೊದಲು ಅತ್ತೆಯ ಬಳಿಗೇ ಒಯ್ದೆ. “ನನಗೇಕೆ ಮಗು?” ಎಂದು ಅಮ್ಮನ ಕಡೆ ನೋಡಿದಳು. ಅಮ್ಮ ಏನೂ ಹೇಳದೆ ಒಳಗೆ ಹೋದಳು. ಅತ್ತೆ ಒಂದು ಸೇವಂತಿಗೆಯನ್ನು ಮಾತ್ರ ತೆಗೆದುಕೊಂಡಳು. ಮುಡಿಯಲಿಲ್ಲ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

ಈ ವರ್ಷವೂ ಹಬ್ಬಕ್ಕೆ ಊರಿಗೆ ಹೋಗುತ್ತೇನೆ. ತಟ್ಟೆ ಹಿಡಿಯುವವಳು ನಾನೇ.