ಬೆಟ್ಟದ ಮನೆಯ ಜಮಾಖರ್ಚು

ಮಕ್ಕಳ ವಿದ್ಯಾಭ್ಯಾಸ, ವಿವಾಹ ಮೊದಲಾದ ಹೊಣೆಗಳು ಒಂದೊಂದಾಗಿ ತೀರಿ, ಉದ್ಯೋಗದಿಂದ ನಿವೃತ್ತರಾದ ಗೃಹಸ್ಥರ ಕೈಗೆ ಜೀವಮಾನದಲ್ಲಿ ಒಂದೇ ಸಲ ದೊಡ್ಡ ಮೊತ್ತವೊಂದು ಬಂದು ಸೇರುತ್ತದೆ. ಅದು ಕಳೆದುಹೋದರೆ ಮತ್ತೆ ಗಳಿಸುವ ವಯಸ್ಸು ಉಳಿದಿರುವುದಿಲ್ಲ. ಇಂತಹ ಗೃಹಸ್ಥರ ಮನಸ್ಸನ್ನು ಈಚೆಗೆ ಬಹುವಾಗಿ ಸೆಳೆಯುತ್ತಿರುವ ಆಸೆಯೊಂದುಂಟು: ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಡೆ ಬೆಟ್ಟದ ಮಗ್ಗುಲಲ್ಲಿ ಒಂದು ಮನೆಯನ್ನು ಕೊಳ್ಳುವುದು, ಬೇಕಾದಾಗ ತಾವು ಹೋಗಿ ಇರುವುದು, ಉಳಿದ ದಿನಗಳಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು, ಆ ವರಮಾನದಿಂದ ಜೀವನ ಸಾಗಿಸುವುದು. ನಾವು, ಎಂದರೆ ಪತಿಪತ್ನಿಯರಿಬ್ಬರೂ, ಈ ಆಸೆಗೆ ಒಳಗಾದವರೇ. ಅದನ್ನು ಕುರಿತು ನಾವು ಹಾಕಿ ನೋಡಿದ ಲೆಕ್ಕವು ನಮ್ಮಂತಹ ಇತರ ಸಂಸಾರಗಳಿಗೂ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ನಿವೃತ್ತಿಯ ಹಣವೂ, ಹಿರಿಯರಿಂದ ಬಂದ ನಿವೇಶನವೊಂದನ್ನು ಮಾರಿದ ಹಣವೂ ಕೂಡಿ ನಮ್ಮಲ್ಲಿ 1 ಕೋಟಿ ರೂಪಾಯಿ ಇದ್ದಿತು. ಮಡಿಕೇರಿಯಿಂದ ಕೆಲವು ಮೈಲಿ ದೂರದಲ್ಲಿ, ಅರ್ಧ ಎಕರೆ ಕಾಫಿಯ ನಡುವೆ, ಮೂರು ಕೋಣೆಗಳ ಹೆಂಚಿನ ಮನೆಯೊಂದನ್ನು 2025ರ ಡಿಸೆಂಬರಿನಲ್ಲಿ ನೋಡಿದೆವು. ಜಗಲಿಯಲ್ಲಿ ನಿಂತರೆ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಮಂಜು. ಬೆಲೆ 80 ಲಕ್ಷ. ತೋರಿಸಿದ ದಲ್ಲಾಳಿಯವರು, “ವರ್ಷಕ್ಕೆ ಇನ್ನೂರು ರಾತ್ರಿ ತುಂಬುತ್ತದೆ ಸ್ವಾಮಿ, ರಾತ್ರಿಗೆ ಎಂಟು ಸಾವಿರವೆಂದರೂ ಹದಿನಾರು ಲಕ್ಷವಾಯಿತು” ಎಂದರು. ಈ ಮಾತನ್ನು ಕೇಳಿ ನಮಗೂ ಹರ್ಷವಾದುದು ಸಹಜವೇ. ಆದರೆ ನಮ್ಮ ಮನೆಯಲ್ಲಿ ಲೆಕ್ಕದ ಪುಸ್ತಕವನ್ನು ಮೂವತ್ತೈದು ವರ್ಷಗಳಿಂದ ಇಟ್ಟುಕೊಂಡು ಬಂದಿರುವವರು ಗೃಹಿಣಿಯವರು. ಅವರು ಅಂದಿನ ರಾತ್ರಿಯೇ ಹೊಸ ಹಾಳೆಯೊಂದನ್ನು ತೆರೆದರು.

ಮೊದಲನೆಯದಾಗಿ ಖರ್ಚು. ನಮ್ಮ ರಾಜ್ಯದಲ್ಲಿ ಇಷ್ಟು ಬೆಲೆಯ ಆಸ್ತಿಗೆ ಮುದ್ರಾಂಕ ಶುಲ್ಕವು ನೂರಕ್ಕೆ 5. ಅದರ ಮೇಲೆ ಸೆಸ್ಸು, ಸರ್‌ಚಾರ್ಜುಗಳಿವೆ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೆ ಏರಿತು. ಇವೆಲ್ಲ ಸೇರಿ 80 ಲಕ್ಷಕ್ಕೆ ಸುಮಾರು 6 ಲಕ್ಷವಾಗುತ್ತದೆ. ಮಾಡಿನ ದುರಸ್ತಿ, ನೀರಿನ ತೊಟ್ಟಿ, ಮಂಚ ಹಾಸಿಗೆಗಳು, ವಿದ್ಯುತ್ತು ಹೋದಾಗ ಬೇಕಾಗುವ ಜನರೇಟರು ಇವಕ್ಕೆ 9 ಲಕ್ಷ. ಅಂತೂ ಅತಿಥಿಯೊಬ್ಬನು ಹೊಸಲು ತುಳಿಯುವುದಕ್ಕೆ ಮೊದಲೇ 95 ಲಕ್ಷ ರೂಪಾಯಿ ಮಣ್ಣಿನಲ್ಲಿ ಸೇರಿರುತ್ತದೆ. ಕೈಯಲ್ಲಿ ಉಳಿಯುವುದು 5 ಲಕ್ಷ ಮಾತ್ರ.

ಇನ್ನು ವರಮಾನ. ಪಟ್ಟಣದವರಿಗೆ ಬಿಡುವು ದೊರೆಯುವುದು ಶನಿವಾರ ಭಾನುವಾರಗಳಲ್ಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಗಾಲ. ಆಗ ಬರುವವರು ಇಲ್ಲವೆಂದಲ್ಲ. ಆದರೆ ರಸ್ತೆ ಕುಸಿಯಬಹುದಾದ ತಿಂಗಳುಗಳನ್ನು ನೆಚ್ಚಿ ಸಂಸಾರ ನಡೆಸಲಾಗದು. ಆ ವಾರಗಳನ್ನು ಕಳೆದರೆ ಉಳಿಯುವುದು 35 ವಾರ, ಎಂದರೆ 70 ರಾತ್ರಿ. ದಸರಾ, ಕ್ರಿಸ್‌ಮಸ್, ಬೇಸಗೆಯ ರಜೆಗಳಿಂದ ಇನ್ನು 30. ಒಟ್ಟು 100 ರಾತ್ರಿಗೆ 8 ಲಕ್ಷ. ಇದರಿಂದ ಗಿರಾಕಿಗಳನ್ನು ಒದಗಿಸುವ ಬುಕಿಂಗ್ ಜಾಲದವರ ಪಾಲು ನೂರಕ್ಕೆ 15ರಂತೆ 1 ಲಕ್ಷ 20 ಸಾವಿರ. ಮನೆ ನೋಡಿಕೊಳ್ಳುವ ದಂಪತಿಗಳ ಸಂಬಳ 2 ಲಕ್ಷ 16 ಸಾವಿರ. ವಿದ್ಯುತ್ತು, ಅನಿಲ, ಬಟ್ಟೆ ಒಗೆತ, ಇಂಟರ್‌ನೆಟ್ 1 ಲಕ್ಷ 20 ಸಾವಿರ. ಬೆಳಗಿನ ಉಪಾಹಾರಕ್ಕೆ 60 ಸಾವಿರ. ಪಾಚಿ, ಗೆದ್ದಲು, ಒಡೆದ ಹೆಂಚು, ಬಣ್ಣ ಇವಕ್ಕೆ 1 ಲಕ್ಷ. ವಿಮೆ ಕಂದಾಯಗಳಿಗೆ 30 ಸಾವಿರ. ನಾವು ತಿಂಗಳಿಗೊಮ್ಮೆ ಹೋಗಿ ಬರುವ ವೆಚ್ಚ 60 ಸಾವಿರ. ಇವನ್ನೆಲ್ಲ ಕಳೆದರೆ ಉಳಿಯುವುದು 94 ಸಾವಿರ ರೂಪಾಯಿ. ಅದೇ 95 ಲಕ್ಷವನ್ನು ಬ್ಯಾಂಕಿನಲ್ಲಿ ನೂರಕ್ಕೆ ಆರೂವರೆಯಂತೆ ಇಟ್ಟರೆ ವರ್ಷಕ್ಕೆ 6 ಲಕ್ಷ 17 ಸಾವಿರ ಬಡ್ಡಿ. ಬಾಡಿಗೆಯಿಂದ ಅಷ್ಟೇ ಪಡೆಯಬೇಕಾದರೆ 190 ರಾತ್ರಿಗಳಾದರೂ ಮನೆ ತುಂಬಬೇಕು. ಎಂದರೆ ಕೆಲಸದ ದಿನಗಳಲ್ಲಿಯೂ, ಸುರಿಯುವ ಮಳೆಯಲ್ಲಿಯೂ ಜನರು ಬರಬೇಕು. ದಲ್ಲಾಳಿಯವರ ಇನ್ನೂರು ರಾತ್ರಿಗಳು ಲಾಭದ ಲೆಕ್ಕವಾಗಿರದೆ, ಬ್ಯಾಂಕಿನ ಬಡ್ಡಿಗೆ ಸರಿಗಟ್ಟುವ ಲೆಕ್ಕವಾಗಿದ್ದಿತು.

ಭೂಮಿಯ ಬೆಲೆ ಏರುವುದಿಲ್ಲವೆ ಎಂದು ನಮ್ಮ ಅಳಿಯಂದಿರು ಕೇಳಿದರು. ನ್ಯಾಯವಾದ ಪ್ರಶ್ನೆ. ಬಡ್ಡಿಗೂ ತೆರಿಗೆಯುಂಟು, ಬ್ಯಾಂಕಿನಲ್ಲಿರುವ ರೂಪಾಯಿಯು ವರ್ಷದಿಂದ ವರ್ಷಕ್ಕೆ ಸವೆಯುತ್ತದೆಂಬುದೂ ನಿಜ. ನಲವತ್ತು ವರ್ಷದವರಿಗೆ ಬೆಲೆಯ ಏರಿಕೆಯೇ ಸಾಕಾದ ಪ್ರತಿಫಲವಾಗಬಹುದು. ಆದರೆ ಏರಿದ ಬೆಲೆಯು ಕೈಗೆ ಸಿಕ್ಕುವುದು ಮಾರಿದಾಗ. ನಮಗೆ ಔಷಧಕ್ಕೂ ದಿನಸಿಗೂ ಹಣ ಬೇಕಾಗುವುದು ತಿಂಗಳು ತಿಂಗಳೂ. ಬೆಟ್ಟದ ಮೇಲಣ ಮನೆಗೆ ಬೇಕೆಂದ ದಿನ ಕೊಳ್ಳುವವರು ದೊರೆಯುವುದಿಲ್ಲ.

ಕಾಗದಪತ್ರಗಳ ತೊಡಕನ್ನೂ ಮರೆಯತಕ್ಕದ್ದಲ್ಲ. 1961ರ ಭೂಸುಧಾರಣಾ ಕಾಯಿದೆಯಲ್ಲಿ ಬೇಸಾಯಗಾರರಲ್ಲದವರು ಸಾಗುವಳಿ ಭೂಮಿಯನ್ನು ಕೊಳ್ಳುವುದಕ್ಕಿದ್ದ ನಿರ್ಬಂಧವನ್ನು 2020ರಲ್ಲಿ ತೆಗೆದುಹಾಕಿದರು. ಅಷ್ಟರಿಂದಲೇ ಅಂತಹ ಭೂಮಿಯಲ್ಲಿ ವಸತಿಗೃಹವನ್ನು ನಡೆಸಬಹುದೆಂದು ಅರ್ಥವಲ್ಲ. ಭೂಪರಿವರ್ತನೆಯಾಗಿದೆಯೆ ಎಂದು ಬೇರೆಯಾಗಿ ನೋಡಬೇಕು. ಕೊಡಗಿನಲ್ಲಿ ಜಮ್ಮಾ, ಬಾಣೆ ಎಂಬ ಹಳೆಯ ಹಿಡುವಳಿ ಭೇದಗಳಿರುವುದರಿಂದ ಪಹಣಿ, ಋಣಭಾರ ಪತ್ರ, ಸರ್ವೆ ನಕ್ಷೆಗಳನ್ನು ಆ ಜಿಲ್ಲೆಯ ವಕೀಲರಿಗೇ ತೋರಿಸುವುದು ಕ್ಷೇಮ.

ಇವೆಲ್ಲಕ್ಕಿಂತಲೂ ಹೆಚ್ಚಾಗಿ ಯೋಚಿಸಬೇಕಾದುದು ಬೆಟ್ಟವನ್ನು ಕುರಿತು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಮಕ್ಕಂದೂರು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಬೆಟ್ಟಗಳು ಜರಿದು ಮನೆತೋಟಗಳು ಹೋದುವು, ಪ್ರಾಣಹಾನಿಯೂ ಆಯಿತು. ಇಳಿಜಾರುಗಳನ್ನು ಮನೆಗೂ ರಸ್ತೆಗೂ ನೇರವಾಗಿ ಕಡಿದದ್ದು ಆ ಕುಸಿತಗಳಿಗೆ ಒಂದು ಮುಖ್ಯ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ನೋಟ ಚೆನ್ನಾಗಿರಬೇಕಾದರೆ ಮನೆಯು ಇಳಿಜಾರಿನ ಅಂಚಿನಲ್ಲಿರಬೇಕು. ಅಪಾಯವೂ ಅಲ್ಲಿಯೇ ಇರುತ್ತದೆ. ನಾವು ನೋಡಿದ ಮನೆಯ ಹಿಂದೆಯೂ ಎರಡಾಳೆತ್ತರದ ಬರೆಯೊಂದು ನೇರವಾಗಿ ಕಡಿಯಲ್ಪಟ್ಟಿದ್ದಿತು. ಜಗಲಿಯಿಂದ ಅದು ಕಾಣುವುದಿಲ್ಲ. ನೀರಿನ ಕೊಳವೆಯನ್ನು ನೋಡಲು ಹಿತ್ತಲಿಗೆ ಹೋದುದರಿಂದ ಕಂಡಿತು. ಮತ್ತೆ 2020ರಲ್ಲಿ ಕೊರೋನಾ ವ್ಯಾಧಿಯಿಂದ ದೇಶವೇ ಬಾಗಿಲಿಕ್ಕಿದಾಗ, ಬಾಡಿಗೆಯನ್ನೇ ನೆಚ್ಚಿದ್ದವರ ಕೋಣೆಗಳು ತಿಂಗಳುಗಟ್ಟಲೆ ಬರಿದಾದುವು. ಬಾಡಿಗೆ ನಿಂತರೂ ಸಂಬಳ ನಿಲ್ಲುವಂತಿಲ್ಲ.

ಹಾಗಾದರೆ ಇದರಿಂದ ಯಾರಿಗೂ ಲಾಭವಿಲ್ಲವೆ? ಉಂಟು. ನಾವು ತಂಗಿದ್ದ ಮನೆಯವರೇ ಅದಕ್ಕೆ ಸಾಕ್ಷಿ. ಅವರು ತಮ್ಮ ತೋಟದ ಮನೆಯಲ್ಲಿಯೇ ವಾಸವಿದ್ದು, ಎರಡು ಕೋಣೆಗಳನ್ನು ಮಾತ್ರ ಅತಿಥಿಗಳಿಗೆ ಕೊಡುತ್ತಾರೆ. ಬೆಳಿಗ್ಗೆ ಐದಕ್ಕೆ ನೀರು ಕಾಯಿಸುವವರು ಮನೆಯ ಯಜಮಾನರು. ಕಡುಬು, ಅಕ್ಕಿರೊಟ್ಟಿಗಳನ್ನು ಮಾಡುವವರು ಅವರ ಮಡದಿ. ನಮ್ಮ ಗೃಹಿಣಿಯು ವರಮಾನದ ವಿಚಾರವನ್ನು ಕೇಳಿದಾಗ ಆಕೆಯು, “ಅಕ್ಕ, ಜನ ದುಡ್ಡು ಕೊಡುವುದು ಗೋಡೆಗಲ್ಲ, ನಾವು ಇಲ್ಲಿ ಇರುವುದಕ್ಕೆ. ನಾವಿಬ್ಬರೂ ಒಂದು ವಾರ ಮದುವೆಗೆ ಹೋದರೆ ಆ ವಾರದ ಸಂಪಾದನೆ ಹೋಯಿತು” ಎಂದರು. ಹೋಂಸ್ಟೇ ಎಂಬ ಮಾತಿನ ಅರ್ಥವಾದರೂ ಇದೇ. ಕೇಂದ್ರ ಪ್ರವಾಸೋದ್ಯಮ ಇಲಾಖೆಯವರ ಯೋಜನೆಯಲ್ಲಿಯೂ ಯಜಮಾನನು ಸಂಸಾರಸಹಿತನಾಗಿ ಅದೇ ಮನೆಯಲ್ಲಿ ವಾಸಿಸಬೇಕೆಂಬ ನಿಯಮವಿದೆ. ಅಲ್ಲಿ ದೊರೆಯುವುದು ಬಂಡವಾಳದ ಬಡ್ಡಿಯಲ್ಲ, ದುಡಿಮೆಯ ಕೂಲಿ. ಅದನ್ನು ಬಡ್ಡಿಯೆಂದು ಭಾವಿಸಿ ದೂರದ ಊರಿನಲ್ಲಿ ಕುಳಿತವನಿಗೆ ಕೂಲಿಯನ್ನು ಇತರರಿಗೆ ಕೊಡುವ ಭಾಗ್ಯವಷ್ಟೇ ಉಳಿಯುತ್ತದೆ.

ಲೆಕ್ಕವು ಇಷ್ಟು ಸ್ಪಷ್ಟವಾಗಿದ್ದರೂ ತೀರ್ಮಾನವು ಸುಲಭವಾಗಿರಲಿಲ್ಲ. ಬೆಂಗಳೂರಿನಲ್ಲೊಬ್ಬರು ಪುಣೆಯಲ್ಲೊಬ್ಬರು ಆಗಿ ಹೋದ ಮಕ್ಕಳು ಬೇಸಗೆಯಲ್ಲಿ ಒಂದು ಕಡೆ ಸೇರುವುದಕ್ಕೆ ಒಂದು ನೆಪ ಬೇಕೆಂಬುದು ಗೃಹಿಣಿಯವರ ಬಹುದಿನದ ಬಯಕೆ; ಮೈಸೂರಿನ ಮನೆಗೆ ಬಂದರೆ ಮೊಮ್ಮಕ್ಕಳು ಎರಡು ದಿನಕ್ಕೇ ಬೇಸರಪಡುತ್ತಾರೆ. ಈ ಬಯಕೆಗೆ ಪುಸ್ತಕದಲ್ಲಿ ಬರೆಯುವ ಕಲಮು ಇಲ್ಲ. ಹಾಗೆಂದು ಅದನ್ನು ಬಿಟ್ಟು ಕೂಡಿಸಿದರೆ ಲೆಕ್ಕವೂ ಪೂರ್ತಿಯಾಗುವುದಿಲ್ಲ. ಎರಡು ವಾರ ಇದನ್ನೇ ಮಾತನಾಡಿದೆವು. ಅಲ್ಲಿಗೆ ಹೋಗಿ ನೆಲಸುವುದು ಸಾಧ್ಯವೆ ಎಂದೂ ಯೋಚಿಸಿದೆವು. ಮೊಣಕಾಲಿನ ನೋವಿನವರೊಬ್ಬರು, ಹೃದಯದ ಚಿಕಿತ್ಸೆಯಾದವರೊಬ್ಬರು ರಾತ್ರಿಯ ಮಳೆಯಲ್ಲಿ ಆಸ್ಪತ್ರೆಯನ್ನು ಹುಡುಕಿಕೊಂಡು ಘಟ್ಟವಿಳಿಯುವುದು ಯುಕ್ತವೆಂದು ತೋರಲಿಲ್ಲ.

ಕಡೆಗೆ ಹಣವನ್ನು ಬ್ಯಾಂಕಿನಲ್ಲಿಯೇ ಇಟ್ಟು, ಬಡ್ಡಿಯಲ್ಲಿ ವರ್ಷಕ್ಕೆ 80 ಸಾವಿರವನ್ನು ಬೇರೆಯಾಗಿ ತೆಗೆದಿರಿಸುವುದೆಂದು ಗೊತ್ತುಮಾಡಿದೆವು. ಅದರಿಂದ ಮಕ್ಕಳು ಮೊಮ್ಮಕ್ಕಳೊಡನೆ ಹತ್ತು ದಿನ ಬೆಟ್ಟದ ಮನೆಯೊಂದನ್ನು ಪೂರ್ತಿಯಾಗಿ ಹಿಡಿಯಬಹುದು. ಒಂದು ವರ್ಷ ಕೊಡಗು, ಮತ್ತೊಂದು ವರ್ಷ ಕುದುರೆಮುಖದ ಕಡೆ. ಅಲ್ಲಿಯೇ ನೆಲಸಿ ದುಡಿಯುವ ಶಕ್ತಿಯೂ ಮನಸ್ಸೂ ಉಳ್ಳವರು ಹಿತ್ತಲಿನ ಬರೆಯನ್ನು ಮೊದಲು ನೋಡಿಕೊಂಡು ಧಾರಾಳವಾಗಿ ಕೊಳ್ಳಲಿ. ಉಳಿದವರಿಗೆ ಅತಿಥಿಗಳಾಗಿ ಹೋಗುವುದೇ ಹಿತ. ಈ ಬೇಸಗೆಗೆ ಎಂಟು ಜನರಿಗೆ ಸ್ಥಳವನ್ನು ಗೊತ್ತುಮಾಡಿ, ಮುಂಗಡವಾಗಿ 10 ಸಾವಿರ ರೂಪಾಯಿಗಳನ್ನು ಕಳುಹಿಸಿರುತ್ತೇವೆ. ಆ ಮೊತ್ತವನ್ನು ಗೃಹಿಣಿಯವರು ಲೆಕ್ಕದ ಪುಸ್ತಕದಲ್ಲಿ ಅಕ್ಕಿ ಬೇಳೆಗಳ ಕೆಳಗೆ, ಸಂಸಾರದ ಅವಶ್ಯಕ ವೆಚ್ಚವೆಂದು ಬರೆದಿದ್ದಾರೆ.